ಶನಿವಾರ ಗಾಣ ಆಡಿಸದವರು

ಮುಂಬೈ ಬಂದರಿನಿಂದ ಕೊಲ್ಲಿ ದಾಟಿದರೆ ಸಿಗುವುದು ರಾಯಗಡ ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ಅದು ಕೊಲಾಬಾ. ಅಲ್ಲಿನ ಹಳ್ಳಿಗಳಲ್ಲಿ ಎಣ್ಣೆ ಬೇಕಾದವರು ಹಿಂದೆ ವಾರ ನೋಡಿಕೊಂಡು ಹೋಗಬೇಕಿತ್ತು. ಸೋಮವಾರ ಎತ್ತು ಬಿಚ್ಚಿ ಗಾಣ ನಿಲ್ಲಿಸುವ ಗಾಣಿಗರನ್ನು ಜನ ಸೋಮವಾರ ತೇಲಿ ಎನ್ನುತ್ತಿದ್ದರು, ಶನಿವಾರ ನಿಲ್ಲಿಸುವವರನ್ನು ಶನಿವಾರ ತೇಲಿ. ಮೊದಲಿನವರು ಶಿವನ ವಾರ ಹಿಡಿದ ಹಿಂದೂಗಳು. ಎರಡನೆಯವರು ಯೆಹೂದ್ಯರು. ಆದರೆ ಹಾಗೆಂದು ಊರಿನವರಿಗೆ ಗೊತ್ತಿರಲಿಲ್ಲ. ಅವರಿಗೇ ಎಷ್ಟು ಗೊತ್ತಿತ್ತು ಎಂಬುದೂ ಚರ್ಚೆಯ ವಿಷಯವೇ. ಅವರು ತಮ್ಮನ್ನು ಬೆನೆ ಇಸ್ರೇಲ್, ಅಂದರೆ ಇಸ್ರೇಲನ ಮಕ್ಕಳು, ಎಂದು ಕರೆದುಕೊಳ್ಳುತ್ತಿದ್ದರು.

ಯೆಹೂದ್ಯರ ಚರಿತ್ರೆ ಎಂದರೆ ನಮಗೆ ಯುರೋಪಿನ ದೊಡ್ಡ ನಗರಗಳು ನೆನಪಾಗುತ್ತವೆ, ಇಲ್ಲವೇ ಕೊಚ್ಚಿಯ ಮಟ್ಟಾಂಚೇರಿ. ಅಲಿಬಾಗ್, ಪೇಣ್, ರೇವದಂಡಾ, ಪನ್ವೇಲ್, ರೋಹಾ, ಮುರುಡ್, ಮ್ಹಸಳಾ ಥರದ ಊರುಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೂ ಒಂದು ಸಮುದಾಯ ತನ್ನ ಧರ್ಮವನ್ನು ಏನನ್ನು ಹಿಡಿದು ಉಳಿಸಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಮಟ್ಟಾಂಚೇರಿಗಿಂತ ಈ ಊರುಗಳನ್ನೇ ನೋಡಬೇಕು ಎಂದು ನನಗನ್ನಿಸುತ್ತದೆ.

ಯೆಹೂದ್ಯ ಧರ್ಮ ಪುಸ್ತಕವನ್ನು ನೆಚ್ಚಿಕೊಂಡ ಧರ್ಮ. ಅವರ ಧರ್ಮಗ್ರಂಥವಾದ ತೋರಾದ ಕೈಬರಹದ ಸುರುಳಿ ಬೇಕು, ಅದನ್ನು ಹೀಬ್ರೂವಿನಲ್ಲಿ ಓದಬಲ್ಲವರು ಬೇಕು, ಅನುಮಾನ ಬಂದಾಗ ತೀರ್ಪು ಹೇಳಲು ರಬ್ಬಿ ಬೇಕು. ಸಾಮೂಹಿಕ ಪ್ರಾರ್ಥನೆ ನಡೆಯಬೇಕಾದರೆ ಹದಿಮೂರು ದಾಟಿದ ಹತ್ತು ಜನ ಗಂಡಸರು ಸೇರಲೇಬೇಕು, ಒಂಬತ್ತು ಮಂದಿ ಇದ್ದರೆ ಆಗದು. ಕೊಂಕಣದ ಈ ಗಾಣಿಗರ ಬಳಿ ಪುಸ್ತಕವಿರಲಿಲ್ಲ, ರಬ್ಬಿ ಇರಲಿಲ್ಲ, ಪ್ರಾರ್ಥನೆಗೆ ಸೇರುವ ಮಂದಿರವಾದ ಸಿನಗಾಗ್ ಇರಲಿಲ್ಲ. ಹೀಬ್ರೂ ಮರೆತೇ ಹೋಗಿ ಮನೆಮಾತು ಮರಾಠಿಯಾಗಿತ್ತು. ಹೆಣ್ಣುಮಕ್ಕಳು ಸೀರೆ ಉಡುತ್ತಿದ್ದರು. ವಿಧವೆಯರು ಮರುಮದುವೆಯಾಗುತ್ತಿರಲಿಲ್ಲ. ಅವರ ಧರ್ಮದಲ್ಲಿ ದನದ ಮಾಂಸಕ್ಕೆ ನಿಷೇಧವಿಲ್ಲ, ಆದರೂ ನೆರೆಹೊರೆಯವರಂತೆ ಇವರೂ ಅದನ್ನು ತಿನ್ನುತ್ತಿರಲಿಲ್ಲ.

ಹಾಗಾದರೆ ಉಳಿದದ್ದೇನು? ಗಂಡುಮಗು ಹುಟ್ಟಿದ ಎಂಟನೇ ದಿನ ಸುನ್ನತಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ದುಡಿಮೆಗೆ ಬಿಡುವು. ರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನಷ್ಟೇ ತಿನ್ನುವ ನಿಯಮ. ಇವುಗಳ ಜೊತೆಗೆ ‘ಶೆಮಾ ಇಸ್ರಾಯೇಲ್’ ಎಂದು ಶುರುವಾಗುವ, ದೇವರು ಒಬ್ಬನೇ ಎಂದು ಸಾರುವ ಹೀಬ್ರೂ ಸಾಲು. ಅರ್ಥ ಮರೆತರೂ ಉಚ್ಚಾರ ಮರೆಯಲಿಲ್ಲ. ಮಗು ಹುಟ್ಟಿದರೆ ಅದೇ ಸಾಲು, ಮದುವೆಗೆ ಅದೇ, ಸಾವಿಗೂ ಅದೇ.

ಹಬ್ಬಗಳೂ ಉಳಿದವು, ಹೆಸರು ಮಾತ್ರ ಮರಾಠಿಯದಾಯಿತು. ಯೆಹೂದ್ಯರ ಹೊಸ ವರ್ಷಕ್ಕೆ ‘ನವ್ಯಾಚಾ ಸಣ್’ ಎಂಬ ಹೆಸರು ಬಂತು. ಅದರ ಹತ್ತನೇ ದಿನ ಬರುವ ಪ್ರಾಯಶ್ಚಿತ್ತದ ಉಪವಾಸ, ಯೋಮ್ ಕಿಪ್ಪುರ್, ಇವರಿಗೆ ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿ ಬಟ್ಟೆ ಉಟ್ಟು, ಮನೆಬಾಗಿಲು ಹಾಕಿಕೊಂಡು, ಹೊರಗಿನವರ ಜೊತೆ ಮಾತಿಲ್ಲದೆ ಕೂತುಬಿಡುತ್ತಿದ್ದರು. ಹಿರಿಯರ ಆತ್ಮಗಳು ಮನೆಗೆ ಬಂದು ಮರುದಿನ ಹಿಂತಿರುಗುತ್ತವೆ ಎಂಬ ನಂಬಿಕೆಯೂ ಅದಕ್ಕೆ ಅಂಟಿಕೊಂಡಿತು. ಇದು ತೋರಾದ್ದಲ್ಲ, ನಮ್ಮ ಮಹಾಲಯ ಪಕ್ಷದ ಕಡೆಯದು. ಪೂರಿಮ್ ಹಬ್ಬ ಹೋಳಿಯ ಆಸುಪಾಸಿನಲ್ಲೇ ಬರುವುದರಿಂದ ಅದು ಹೋಳಿ ಹಬ್ಬವೇ ಆಯಿತು. ಹೊಸ ವರ್ಷಕ್ಕೆ ಮುಂಚಿನ ಉಪವಾಸದ ತಿಂಗಳನ್ನು ಅವರು ಕರೆಯುತ್ತಿದ್ದುದು ರಂಜಾನ್ ಎಂದು!

ಜೆರುಸಲೇಮಿನ ದೇವಾಲಯ ಬಿದ್ದುದಕ್ಕೆ ಶೋಕಿಸುವ ದಿನದ ಕಥೆ ಇನ್ನೂ ಸೊಗಸು. ಉಪವಾಸ ಬಿಡುವಾಗ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆ ಜಾತಿಯ ಕಾಳಿನ ಸಾರು, ನಮ್ಮ ಹಿದುಕಿದ ಅವರೆಯ ಹಾಗೆ, ಬಾಳೆಲೆಯ ಮೇಲೆ ಬಡಿಸಿಕೊಂಡು ತಿನ್ನುತ್ತಿದ್ದರು. ಆ ಸಾರಿಗೆ ಬಿರ್ಡೆ ಎಂದು ಹೆಸರು. ಹಾಗಾಗಿ ಆ ದಿನ ‘ಬಿರ್ಡ್ಯಾಚಾ ರೋಜಾ’, ಅಂದರೆ ಬಿರ್ಡೆಯ ಉಪವಾಸ. ಯಾವ ದೇವಾಲಯ, ಯಾವಾಗ ಬಿತ್ತು ಎಂಬುದೆಲ್ಲ ನೆನಪಿನಿಂದ ಜಾರಿದರೂ ಆ ದಿನ ಅಡುಗೆಮನೆಯಲ್ಲಿ ಏನು ಬೇಯಬೇಕು ಎಂಬುದು ಜಾರಲಿಲ್ಲ. ಪೆಸಾಹ್ ಹಬ್ಬದಲ್ಲಿ ಹುದುಗು ಬಂದ ಆಹಾರ ಮನೆಯಲ್ಲಿರಕೂಡದು ಎಂಬುದು ನಿಯಮ. ಇಲ್ಲಿ ಅದು ಹುಳಿ ರಸದ ಗಡಿಗೆಯ ಬಾಯಿ ಮುಚ್ಚಿಡುವ ಹಬ್ಬವಾಗಿ ಉಳಿಯಿತು. ಕಾರಣ ಹೋಗಿ ಕ್ರಿಯೆ ಉಳಿದಿದೆ. ಪಂಡಿತರು ಇದನ್ನು ಅಜ್ಞಾನ ಎಂದಾರು. ನನಗೆ ಕಾಣುವುದು ಅಡುಗೆಮನೆಯ ಹೆಂಗಸರ ನೆನಪಿನ ಗಟ್ಟಿತನ. ಹನುಕ್ಕಾ ಹಬ್ಬವೊಂದು ಮಾತ್ರ ಇವರಲ್ಲಿ ಇರಲೇ ಇಲ್ಲ. ಆ ಹಬ್ಬ ಹುಟ್ಟುವ ಮೊದಲೇ ನಮ್ಮ ಹಿರಿಯರು ಊರು ಬಿಟ್ಟಿದ್ದರು ಎಂದು ಬೆನೆ ಇಸ್ರೇಲಿಗಳು ಅದಕ್ಕೆ ಕಾರಣ ಕೊಡುತ್ತಾರೆ.

ಅವರು ಬಂದದ್ದಾದರೂ ಎಲ್ಲಿಂದ, ಯಾವಾಗ? ಸಮುದಾಯದ ಕಥೆ ಹೀಗಿದೆ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಆಂಟಿಯೋಕಸ್ ದೊರೆಯ ಕಿರುಕುಳ ತಾಳಲಾರದೆ ಗಲಿಲೀ ಸೀಮೆಯಿಂದ ಹೊರಟವರ ಹಡಗು ಅಲಿಬಾಗಿನ ಹತ್ತಿರ ನವಗಾಂವ್ ಕಡಲಲ್ಲಿ ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು. ಸತ್ತವರನ್ನು ಅಲ್ಲೇ ಹೂತರು. ಪುಸ್ತಕಗಳು ನೀರುಪಾಲಾದವು. ನವಗಾಂವ್‌ನಲ್ಲಿ ಆ ಸ್ಮಶಾನವೆಂದು ತೋರಿಸುವ ಜಾಗದಲ್ಲಿ ಈಗ ಸ್ಮಾರಕವಿದೆ.

ವಿದ್ವಾಂಸರು ಇದನ್ನು ಹೀಗೆಯೇ ಒಪ್ಪುವುದಿಲ್ಲ. ಯೆಮನ್‌ನಿಂದ ಬಂದರು, ಪರ್ಷಿಯಾದಿಂದ ಬಂದರು, ಕ್ರಿಸ್ತಶಕದ ಐದಾರನೇ ಶತಮಾನದಲ್ಲಿ ಬಂದರು ಎಂದೆಲ್ಲ ವಾದಗಳಿವೆ. ಒಂದು ಶಾಸನವಿಲ್ಲ, ತಾಮ್ರಪಟವಿಲ್ಲ. ಇದೇ ಕರಾವಳಿಯ ಚಿತ್ಪಾವನ ಬ್ರಾಹ್ಮಣರಲ್ಲೂ ಕಡಲಿನಿಂದ ದಡಕ್ಕೆ ಬಂದ ಹದಿನಾಲ್ಕು ಹೆಣಗಳಿಗೆ ಪರಶುರಾಮ ಜೀವ ಕೊಟ್ಟ ಕಥೆಯಿದೆ. ಏಳು ಮತ್ತು ಏಳು ಹದಿನಾಲ್ಕೇ! ಯಾರ ಕಥೆ ಯಾರಿಗೆ ದಾಟಿತೋ, ಅದನ್ನು ಬಿಡಿಸಲು ಹೋದವರು ಸುಸ್ತಾಗಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಮಾತ್ರ ಮುಖ್ಯವಾದ ಮಾತು ಹೇಳಿತು. ಇವರ ರಕ್ತದಲ್ಲಿ ಮಧ್ಯಪ್ರಾಚ್ಯದ ಯೆಹೂದ್ಯ ಮೂಲವೂ ಇದೆ, ಸ್ಥಳೀಯ ಮೂಲವೂ ಇದೆ. ಆ ಬೆರಕೆ ನಡೆದದ್ದು ಸುಮಾರು 650ರಿಂದ 1050 ವರ್ಷಗಳ ಹಿಂದೆ. ಕಥೆ ಪೂರ್ತಿ ಸುಳ್ಳಲ್ಲ, ಕಥೆಯಲ್ಲಿರುವ ಕಾಲಕ್ಕೆ ಮಾತ್ರ ಪುರಾವೆ ಇಲ್ಲ ಎನ್ನಬಹುದು.

ಇಲ್ಲಿ ನಮ್ಮ ಮಂಗಳೂರನ್ನು ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು. ಟುನೀಶಿಯಾದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜೂ 12ನೇ ಶತಮಾನದಲ್ಲಿ ಹತ್ತಿರ ಹತ್ತಿರ ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. ಏಡನ್‌ನಿಂದ ಬಂದ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವ ಕಾರ್ಖಾನೆ ಇಟ್ಟುಕೊಂಡಿದ್ದ. ತುಳುನಾಡಿನ ಆಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಇದೆಲ್ಲ ನಮಗೆ ಗೊತ್ತಾಗಿದ್ದು ಹಳೆ ಕೈರೋದ ಒಂದು ಸಿನಗಾಗಿನಲ್ಲಿ ಅವನ ಕಾಗದಪತ್ರಗಳು ಉಳಿದದ್ದರಿಂದ. ಆದರೆ ಮಂಗಳೂರಿನಲ್ಲಿ ಅವನ ನಂತರ ಯೆಹೂದ್ಯರ ಒಂದು ಕೇರಿಯೂ ಬೆಳೆಯಲಿಲ್ಲ. ಅವನ ಕಾಗದ ಉಳಿಯಿತು, ಜನ ಉಳಿಯಲಿಲ್ಲ. ಕೊಂಕಣದಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ, ಜನ ಉಳಿದರು. ವರ್ತಕ ಬರುತ್ತಾನೆ, ಲೆಕ್ಕ ಬರೆಯುತ್ತಾನೆ, ಹೋಗುತ್ತಾನೆ. ಗಾಣ ಹೂಡಿದವನು ನೂರಾರು ವರ್ಷ ಅದೇ ಹಳ್ಳಿಗೆ ಕಟ್ಟುಬೀಳುತ್ತಾನೆ.

ಅವರ ಮನೆತನಗಳ ಹೆಸರಿನಲ್ಲೇ ಆ ಹಳ್ಳಿಗಳ ನಕ್ಷೆ ಇದೆ. ದಿವೆಯವರು ದಿವೇಕರ್, ರೋಹಾದವರು ರೋಹೇಕರ್, ಪೇಣಿನವರು ಪೇಣ್‌ಕರ್, ಕೆಹಿಮ್‌ನವರು ಕೆಹಿಮ್‌ಕರ್, ಚೌಲ್‌ನವರು ಚೇವುಲ್ಕರ್. ಇಂಥ ನೂರಕ್ಕೂ ಹೆಚ್ಚು ಹೆಸರುಗಳಿವೆ. ಒಂದೊಂದು ಹಳ್ಳಿಯಲ್ಲಿ ಇದ್ದದ್ದು ಕೆಲವೇ ಮನೆ. ಹಿಂದಿ ಸಿನಿಮಾಗಳಲ್ಲಿ ಡೇವಿಡ್ ಎಂದಷ್ಟೇ ಹೆಸರಾದ ನಟ ಡೇವಿಡ್ ಅಬ್ರಹಾಂ ಚೇವುಲ್ಕರ್ ಈ ಪೈಕಿಯವರು. ಝಿರಾಡ್ ಎಂಬ ಹಳ್ಳಿಯ ಹೆಸರು ಹೊತ್ತ ಡಾ. ಜೆರೂಶಾ ಝಿರಾಡ್ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, 1890ರ ಆಸುಪಾಸಿನಲ್ಲಿ. ಲಂಡನ್ನಿನಲ್ಲಿ ಪ್ರಸೂತಿ ವೈದ್ಯದಲ್ಲಿ ಎಂ.ಡಿ. ಮಾಡಿ, ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, 1966ರಲ್ಲಿ ಪದ್ಮಶ್ರೀ ಪಡೆದವರು ಅವರು.

ಹಳ್ಳಿಯ ಬದುಕನ್ನು ಚಂದಗಾಣಿಸುವುದು ಬೇಡ. ಗಾಣದ ಕಸುಬಿಗೆ ಊರಿನಲ್ಲಿ ಮಾನವಿರಲಿಲ್ಲ, ತೇಲಿಗಳು ಕೆಳಗಿನ ಸ್ತರದವರು. ಜಾತಿಯ ನೆರಳು ಸಮುದಾಯದ ಒಳಕ್ಕೂ ಬಿತ್ತು. ತಂದೆತಾಯಿ ಇಬ್ಬರೂ ಬೆನೆ ಇಸ್ರೇಲಿಗಳಾದವರು ‘ಗೋರಾ’, ತಾಯಿ ಬೇರೆಯವಳಾದರೆ ಆ ಸಂತತಿ ‘ಕಾಳಾ’. ಇಬ್ಬರ ನಡುವೆ ಮದುವೆ ಇಲ್ಲ, ಪಾತ್ರೆ ಮುಟ್ಟುವಂತಿಲ್ಲ.

ಈ ಶನಿವಾರ ತೇಲಿಗಳು ಯಾರು ಎಂದು ಹೊರಗಿನ ಯೆಹೂದ್ಯರಿಗೆ ಗೊತ್ತಾದ ಬಗೆಗೂ ಒಂದು ಕಥೆಯಿದೆ. ಡೇವಿಡ್ ರಹಾಬಿ ಎಂಬ ಯೆಹೂದ್ಯ ಇವರ ಆಚಾರ ನೋಡಿ ಅನುಮಾನಪಟ್ಟು, ಬಗೆಬಗೆಯ ಮೀನು ತಂದು ಹೆಂಗಸರ ಮುಂದೆ ಸುರಿದು ಅಡುಗೆ ಮಾಡಿ ಎಂದನಂತೆ. ಅವರು ರೆಕ್ಕೆ ಹುರುಪೆ ಇದ್ದವನ್ನಷ್ಟೇ ಆರಿಸಿಕೊಂಡರು. ನಮ್ಮ ಕರಾವಳಿಯ ಬುಟ್ಟಿಯಾಗಿದ್ದರೆ ಬಂಗುಡೆ ಒಳಗೆ, ಸಿಗಡಿ, ಏಡಿ, ತೊರಕೆ ಹೊರಗೆ. ಪರೀಕ್ಷೆ ಅಲ್ಲಿಗೆ ಮುಗಿಯಿತು. ಈ ರಹಾಬಿ ಯಾವ ಕಾಲದವನು ಎಂಬ ಜಗಳ ತೀರಿಲ್ಲ. ಸಮುದಾಯದವರು ಅವನನ್ನು ಬಹಳ ಹಿಂದಕ್ಕೆ ಒಯ್ಯುತ್ತಾರೆ, ಇತಿಹಾಸಕಾರರು 18ನೇ ಶತಮಾನದ ಕೊಚ್ಚಿಯ ವರ್ತಕ ಮನೆತನದ ಕಡೆ ಬೆರಳು ತೋರಿಸುತ್ತಾರೆ. ಆ ಮನೆತನದ ಎಜೆಕಿಯೆಲ್ ರಹಾಬಿ 1768ರಲ್ಲಿ ಹಾಲೆಂಡಿಗೆ ಬರೆದ ಪತ್ರದಲ್ಲಿ ಕೊಂಕಣದ ಈ ಜನರ ಸುದ್ದಿ ಇದೆ: ಎಣ್ಣೆ ತೆಗೆಯುತ್ತಾರೆ, ಕೆಲವರು ಸಿಪಾಯಿಗಳು, ಶೆಮಾ ಮತ್ತು ಶನಿವಾರದ ಬಿಡುವು ಬಿಟ್ಟರೆ ಬೇರೇನೂ ಅರಿಯರು. ರಹಾಬಿ ಮೂರು ಮನೆತನದವರಿಗೆ ಆಚಾರ ಕಲಿಸಿ ಕಾಜಿ ಎಂಬ ಪಟ್ಟ ಕೊಟ್ಟ ಎನ್ನುತ್ತಾರೆ. ಮುಂದೆ ಆ ಕಾಜಿಗಳೇ ಹಳ್ಳಿ ಹಳ್ಳಿ ಸುತ್ತಿ ಮದುವೆ, ಸುನ್ನತಿ, ನ್ಯಾಯಪಂಚಾಯಿತಿಕೆ ನಡೆಸಿದರು.

ಪತ್ರದಲ್ಲಿ ಬಂದ ಸಿಪಾಯಿ ಎಂಬ ಮಾತೇ ಮುಂದಿನ ಬದಲಾವಣೆಯ ಬೀಗದ ಕೈ. 18ನೇ ಶತಮಾನದಲ್ಲಿ ಬೆನೆ ಇಸ್ರೇಲಿಗಳು ಗಾಣ ಬಿಟ್ಟು ಮುಂಬೈಗೆ ನಡೆದು ಕಂಪನಿ ಸೇನೆ ಸೇರಿದರು. ಸಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಅಂಥ ಒಬ್ಬ ದೇಶೀ ಅಧಿಕಾರಿ. ಎರಡನೇ ಆಂಗ್ಲೋ–ಮೈಸೂರು ಯುದ್ಧದಲ್ಲಿ ಅವನು ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿದ. ಯಾವ ಜಾತಿ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಬನೀ ಇಸ್ರಾಯೀಲರ ಮಾತು ಬರುತ್ತದೆ, ಅವರನ್ನು ಕಣ್ಣಾರೆ ಕಂಡಂತಾಯಿತು, ಬಿಟ್ಟುಬಿಡು ಎಂದು ಟಿಪ್ಪುವಿನ ತಾಯಿ ಮಗನಿಗೆ ಹೇಳಿದಳಂತೆ. ಇಷ್ಟು ಕಥೆ. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬೈಯ ಮಾಂಡವಿಯಲ್ಲಿ ಶಾರ್ ಹಾರಹಮೀಮ್ ಸಿನಗಾಗ್ ಕಟ್ಟಿಸಿದ್ದು ಇತಿಹಾಸ. ಬೆನೆ ಇಸ್ರೇಲಿಗಳ ಮೊದಲ ಸಿನಗಾಗ್ ಅದು. ಹೆಸರಿನ ಅರ್ಥ ಕರುಣೆಯ ಬಾಗಿಲು. ಹಾಗಾಗಿ ಈ ಸಿನಗಾಗಿನ ಹುಟ್ಟಿನಲ್ಲಿ ಮೈಸೂರಿನ ಸೆರೆಮನೆಗೂ ಒಂದು ಪಾಲಿದೆ.

ಬೆನೆ ಇಸ್ರೇಲಿಗಳು ಶತಮಾನಗಟ್ಟಲೆ ಬಾಳಿದ್ದು ಹಳ್ಳಿಗಳಲ್ಲಿ, ಆದರೆ ಮೊದಲ ಸಿನಗಾಗ್ ಎದ್ದದ್ದು ಮುಂಬೈಯಲ್ಲಿ. ಹುಟ್ಟೂರುಗಳಿಗೆ ಅದು ತಲುಪಲು ಇನ್ನೂ ಐವತ್ತು ವರ್ಷ ಹಿಡಿಯಿತು. ರೇವದಂಡಾದ ಬೆತ್ ಎಲ್ 1842ರದು, ಅಲಿಬಾಗಿನ ಮಾಗೆನ್ ಆಬೋತ್ 1848ರದು, ಪನ್ವೇಲಿನದು 1849ರದು, ಪೇಣಿನದು 1863ರದು. ಪಟ್ಟಣಕ್ಕೆ ಹೋದ ಮಕ್ಕಳು ದುಡ್ಡನ್ನೂ ವಿದ್ಯೆಯನ್ನೂ ಊರಿಗೆ ತಂದ ಮೇಲೆ ಎದ್ದ ಕಟ್ಟಡಗಳಿವು. ಈ ಊರುಗಳ ಸಿನಗಾಗುಗಳನ್ನು ಪ್ರಾಚೀನ ಎಂದು ಬರೆಯುವವರನ್ನು ನೋಡಿದ್ದೇನೆ. ಜನ ಪ್ರಾಚೀನರು, ಕಟ್ಟಡವಲ್ಲ.

ವಿದ್ಯೆ ಬಂದದ್ದು ಎರಡು ದಾರಿಯಿಂದ. ಒಂದು, ಕೊಚ್ಚಿಯಿಂದ. 1826ರಿಂದ ಅಲ್ಲಿನ ಯೆಹೂದ್ಯ ಶಿಕ್ಷಕರು ಬಂದು ಪ್ರಾರ್ಥನೆ, ವಿಧಿ ಕಲಿಸಿದರು. ಇನ್ನೊಂದು ದಾರಿ ಯಾರೂ ಊಹಿಸದ್ದು: ಕ್ರೈಸ್ತ ಮಿಷನರಿಗಳು. ಅಮೆರಿಕನ್ ಮಿಷನ್ ಕೊಂಕಣದಲ್ಲಿ ಶಾಲೆ ತೆರೆಯಿತು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ. ಬೈಬಲ್ಲಿನ ಹಳೆಯ ಒಡಂಬಡಿಕೆ ಮರಾಠಿಯಲ್ಲಿ ಕೈಗೆ ಸಿಕ್ಕಿತು. ಮಿಷನರಿಗಳ ಲೆಕ್ಕಾಚಾರ, ಇವರು ತಮ್ಮ ಗ್ರಂಥ ಓದಿಕೊಂಡರೆ ಮುಂದಿನ ಹೆಜ್ಜೆ ಯೇಸುವಿನ ಕಡೆಗೆ ಎಂಬುದು. ಆದದ್ದು ಬೇರೆ. ಗಡಿಗೆ ಯಾಕೆ ಮುಚ್ಚುತ್ತೇವೆ, ಬಾಗಿಲು ಯಾಕೆ ಹಾಕುತ್ತೇವೆ ಎಂದು ಓದಿ ತಿಳಿದ ಮೇಲೆ ಬೆನೆ ಇಸ್ರೇಲಿಗಳು ಇನ್ನಷ್ಟು ಯೆಹೂದ್ಯರಾದರು. ಮತಾಂತರವಾದವರು ಬೆರಳೆಣಿಕೆಯಷ್ಟು. ಮಿಷನರಿ ದುಡ್ಡಿನಲ್ಲಿ ಯೆಹೂದ್ಯ ಧರ್ಮದ ಪುನರುಜ್ಜೀವನ ನಡೆದ ಇಂಥ ನಿದರ್ಶನ ಬೇರೆಲ್ಲೂ ಸುಲಭಕ್ಕೆ ಸಿಗಲಾರದು.

1874ರಲ್ಲಿ ಪುಣೆಯಲ್ಲಿ ಅಚ್ಚಾದ ಪೆಸಾಹ್ ಹಬ್ಬದ ಪುಸ್ತಕದಲ್ಲಿ ಹೀಬ್ರೂವಿನ ಜೊತೆ ಮರಾಠಿ ಇದೆ. ಅದರ ಚಿತ್ರಗಳಲ್ಲಿ ಹುದುಗಿಲ್ಲದ ರೊಟ್ಟಿ ಮಾಡುತ್ತಿರುವವರು ಸೀರೆಯುಟ್ಟ ಹೆಂಗಸರು. ಹೊಸದಾಗಿ ಕಲಿತ ಶಾಸ್ತ್ರಕ್ಕಾಗಿ ಹಳೆಯದನ್ನೆಲ್ಲ ಇವರು ಕಳಚಿ ಎಸೆಯಲಿಲ್ಲ. ಹನುಕ್ಕಾ ಆಚರಿಸತೊಡಗಿದರು, ಮಲೀದಾ ಬಿಡಲಿಲ್ಲ. ಮಲೀದಾ ಎಂದರೆ ಹರಕೆಯ ತಟ್ಟೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿ ಹಂಚುತ್ತಾರೆ. ಹೆಸರು ದರ್ಗಾಗಳ ಕಡೆಯದು, ಅವಲಕ್ಕಿ ಕೊಂಕಣದ್ದು, ಎಲಿಯಾಹು ಬೈಬಲ್ಲಿನವನು. ಅಲಿಬಾಗ್ ಹತ್ತಿರದ ಖಂಡಾಳಾ ಎಂಬ ಹಳ್ಳಿಯ (ಘಾಟಿಯ ಮೇಲಿನ ಖಂಡಾಳಾ ಅಲ್ಲ) ಒಂದು ಬಂಡೆಯ ಮೇಲೆ ಅವನ ರಥದ ಗುರುತು ಇದೆ ಎಂದು ಇವರ ನಂಬಿಕೆ. ಮಾಂಸದ ಜೊತೆ ಹಾಲು ಸೇರಬಾರದು ಎಂಬ ಧರ್ಮದ ಕಟ್ಟಳೆ ಇವರಿಗೆ ಎಂದೂ ಕಷ್ಟವಾಗಲಿಲ್ಲ, ತೆಂಗಿನ ಹಾಲು ಇದ್ದೇ ಇತ್ತು.

ಪಟ್ಟಣ ಮಾನದ ಜೊತೆ ಅನುಮಾನವನ್ನೂ ತಂದಿತು. ಹಳ್ಳಿಯಲ್ಲಿ ಇವರು ಯೆಹೂದ್ಯರೇ ಎಂದು ಕೇಳುವವರಿರಲಿಲ್ಲ. ಮುಂಬೈಗೆ 19ನೇ ಶತಮಾನದಲ್ಲಿ ಬಂದ ಬಗ್ದಾದಿ ಯೆಹೂದ್ಯ ಸಾಹುಕಾರರು ಕೇಳತೊಡಗಿದರು. ಪ್ರಾರ್ಥನೆಗೆ ಬೇಕಾದ ಹತ್ತರ ಲೆಕ್ಕಕ್ಕೆ ಬೆನೆ ಇಸ್ರೇಲಿಗಳನ್ನು ಹಿಡಿಯಲು ಅವರಲ್ಲಿ ಹಲವರು ಒಪ್ಪಲಿಲ್ಲ. ಒಳಗಿನ ಗೋರಾ–ಕಾಳಾ ಭೇದವನ್ನು ತಾವೇ ಪಾಲಿಸುತ್ತಿದ್ದವರು ಈಗ ಅದೇ ತಕ್ಕಡಿಯಲ್ಲಿ ಕೂತರು.

1948ರ ಹೊತ್ತಿಗೆ ಭಾರತದಲ್ಲಿದ್ದ ಬೆನೆ ಇಸ್ರೇಲಿಗಳು ಸುಮಾರು 20,000. ಮುಂದಿನ ಎರಡು ದಶಕಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಯಾರೂ ಅವರನ್ನು ಓಡಿಸಲಿಲ್ಲ. ಯೆಹೂದ್ಯರ ಮೇಲೆ ಹಿಂಸೆ ನಡೆಯದ ದೇಶ ಎಂದು ಭಾರತವನ್ನು ಅವರೇ ಹೊಗಳುತ್ತಾರೆ. ಕಾರಣಗಳು ಬೇರೆ. ಜೆರುಸಲೇಮಿಗೆ ಮರಳುವ ಆಸೆ ಪ್ರಾರ್ಥನೆಯಲ್ಲೇ ಇತ್ತು. ರೈಲ್ವೆ, ಅಂಚೆ, ಕಸ್ಟಮ್ಸ್ ಕಚೇರಿಗಳಲ್ಲಿ ಬ್ರಿಟಿಷರ ಕಾಲದಲ್ಲಿ ಇವರಿಗೆ ಸುಲಭವಾಗಿ ಸಿಗುತ್ತಿದ್ದ ನೌಕರಿಗಳಿಗೆ ಈಗ ಪೈಪೋಟಿ ಬಂತು. ಅಣ್ಣ ಹೋದರೆ ತಮ್ಮ, ತಮ್ಮ ಹೋದರೆ ಅವನ ಹೆಂಡತಿಯ ತವರಿನವರು, ಹೀಗೆ ಸಾಲು ಹಿಡಿಯಿತು. ಅಲ್ಲಿಯೂ ಸುಖಾಸುಮ್ಮನೆ ಬಾಗಿಲು ತೆರೆಯಲಿಲ್ಲ. 1950ರ ದಶಕದ ಆರಂಭದಲ್ಲೇ ತಾರತಮ್ಯದ ವಿರುದ್ಧ ಧರಣಿ ಕೂತು ಕೆಲವರು ಭಾರತಕ್ಕೆ ವಾಪಸಾದರು. 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಪೀಠ, ಬೆನೆ ಇಸ್ರೇಲಿಗಳು ಬೇರೆ ಯೆಹೂದ್ಯರನ್ನು ಮದುವೆಯಾಗಬೇಕಾದರೆ ಅವರ ವಂಶ ತನಿಖೆ ಆಗಬೇಕು ಎಂದಿತು. ವಿಚ್ಛೇದನ, ಮರುಮದುವೆಗಳು ಶಾಸ್ತ್ರದ ಪ್ರಕಾರ ನಡೆದಿದ್ದವೇ ಎಂಬುದು ತಕರಾರು. ದಾಖಲೆ ಕೇಳಿದರೆ ಹಡಗಿನ ಜೊತೆ ಮುಳುಗಿದವು ಎನ್ನುವ ಸಮುದಾಯ ಏನು ತೋರಿಸೀತು? ಜೆರುಸಲೇಮಿನಲ್ಲಿ ದೊಡ್ಡ ಪ್ರತಿಭಟನೆ ನಡೆದು, 1964ರ ಆಗಸ್ಟಿನಲ್ಲಿ ಇಸ್ರೇಲ್ ಸಂಸತ್ತು ಇವರು ಎಲ್ಲ ರೀತಿಯಿಂದಲೂ ಯೆಹೂದ್ಯರೇ ಎಂದು ಹೇಳಿದ ಮೇಲೆ ವಿವಾದ ತಣ್ಣಗಾಯಿತು.

ಜನ ಹೋದಾಗ ಮೊದಲು ಬರಿದಾಗುವುದು ಚಿಕ್ಕ ಊರುಗಳೇ. ಇಪ್ಪತ್ತು ಸಾವಿರದಲ್ಲಿ ಹದಿನೈದು ಸಾವಿರ ಹೋದರೂ ಮುಂಬೈ, ಠಾಣೆಯಲ್ಲಿ ಸಿನಗಾಗ್ ನಡೆಯುತ್ತದೆ. ಹದಿನೈದು ಮನೆಯ ಊರಿನಲ್ಲಿ ಹನ್ನೆರಡು ಮನೆ ಎದ್ದುಹೋದರೆ ಹತ್ತು ಗಂಡಸರು ಸಿಗುವುದಿಲ್ಲ. ಹತ್ತು ಜನರಿಲ್ಲದೆ ತೋರಾ ಸುರುಳಿ ಬಿಚ್ಚಿ ಓದುವಂತಿಲ್ಲ, ಸತ್ತವರಿಗಾಗಿ ಹೇಳುವ ಕದ್ದೀಶ್ ಹೇಳುವಂತಿಲ್ಲ. ಮಿಕ್ಕ ಮೂರು ಮನೆಯವರಿಗೆ ಊರು ಬಿಡಲು ಇದೊಂದೇ ಕಾರಣ ಸಾಕು. ಸಿನಗಾಗ್ ಇಲ್ಲದ ಕಾಲದಲ್ಲಿ ಈ ಲೆಕ್ಕದ ಹಂಗಿರಲಿಲ್ಲ, ಅವರ ಧರ್ಮ ಮನೆಯ ಬಾಗಿಲು ಮತ್ತು ಒಲೆಯ ಸುತ್ತ ನಡೆಯುತ್ತಿತ್ತು. ಶಾಸ್ತ್ರ ಕಲಿತ ಮೇಲೆ ಶಾಸ್ತ್ರದ ಹತ್ತು ಬೇಕಾಯಿತು.

ಈಗ ದೇಶದಲ್ಲಿರುವ ಯೆಹೂದ್ಯರು ಒಟ್ಟು ನಾಲ್ಕೈದು ಸಾವಿರ, ಅವರಲ್ಲಿ ಹೆಚ್ಚಿನವರು ಬೆನೆ ಇಸ್ರೇಲಿಗಳೇ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಅಲಿಬಾಗಿಗೆ ಬೀಚ್ ನೋಡಲು ಹೋಗುವ ಕನ್ನಡಿಗರೂ ಸಾಕಷ್ಟಿದ್ದಾರೆ. ಹೋದಾಗ ‘ಇಸ್ರೇಲ್ ಆಳಿ’ ಎಲ್ಲಿ ಎಂದು ಕೇಳಿ, ಆಳಿ ಎಂದರೆ ಓಣಿ. ಮಾಗೆನ್ ಆಬೋತ್ ಇರುವುದು ಅಲ್ಲೇ. 1910ರಲ್ಲಿ ಮತ್ತೆ ಕಟ್ಟಿದ ರೂಪ ಅದು. ಶನಿವಾರ ಮಾತ್ರ ಫೋಟೋ ತೆಗೆಯುವ ಆಸೆ ಇಟ್ಟುಕೊಂಡು ಹೋಗಬೇಡಿ.